ಮೋಸೆಲ್ ದಂಡೆಯ ಮೂರು ಕಡ್ಡಿ

ಜರ್ಮನಿಯಲ್ಲಿ ಕುಡಿಯಲು ನೀರು ಸಿಗುವುದಿಲ್ಲ. ಇದನ್ನು ಓದಿ ನಗುವವರು ನಗಲಿ. ಅಲ್ಲಿಗೆ ಹೋಗಿ ಬಂದವರು ಅಲ್ಲಿಯ ರಸ್ತೆ, ಅಲ್ಲಿಯ ರೈಲು, ಅಲ್ಲಿಯ ಶಿಸ್ತು ಎಂದು ಪುಟಗಟ್ಟಲೆ ಬರೆದಿದ್ದಾರೆ. ಹೋಗುವ ಮೊದಲು ಅದನ್ನೆಲ್ಲ ನಾನೂ ಓದಿದ್ದೆ. ನೀರಿನ ವಿಷಯ ಮಾತ್ರ ಒಬ್ಬರೂ ಬರೆದಿರಲಿಲ್ಲ. ಅವರಿಗೆ ನೀರಡಿಕೆಯೇ ಆಗಲಿಲ್ಲವೋ, ನೀರಿನ ಬದಲು ಬೇರೇನಾದರೂ ಕುಡಿದು ಬಂದು ಸುಮ್ಮನಾದರೋ, ಅದನ್ನು ಅವರೇ ಹೇಳಬೇಕು. ನಾನು ಕುಡಿಯುವವನಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಬಸವನ ಬಾಗೇವಾಡಿ ತಾಲೂಕಿನವನು. ಮನಗೂಳಿಯಿಂದ ಎರಡು ಹರದಾರಿ ಒಳಗೆ ನಮ್ಮ ಹಳ್ಳಿ. ಅಪ್ಪ ಬೇರೆಯವರ ಹೊಲದಲ್ಲಿ ದುಡಿದು ದುಡಿದು ಕೊನೆಗೆ ಒಂದು ಬಾವಿ, ಬಾವಿಯ ಸುತ್ತ ನಾಲ್ಕೆಕರೆ ಮಾಡಿಕೊಂಡವನು. ಸಹಿ ಹಾಕಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಧಾರವಾಡದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು, ಗೆಳೆಯರ ಹಳೆಯ ಪುಸ್ತಕ ಓದಿ ಕೃಷಿ ಬಿ.ಎಸ್ಸಿ. ಮುಗಿಸಿದೆ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ, ಹೌದು, ಜಂಬಕ್ಕೇ ಹೇಳುತ್ತಿದ್ದೇನೆ.

ಮುದ್ದೇಬಿಹಾಳದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದಾಗ ಆರು ತಿಂಗಳ ತರಬೇತಿಗೆ ಪಶ್ಚಿಮ ಜರ್ಮನಿಗೆ ಹೋಗಲು ನನ್ನ ಹೆಸರು ಬಂತು. ಎಪ್ಪತ್ನಾಲ್ಕರ ಬೇಸಿಗೆ. ಹೊರಡುವ ದಿನ ಮನಗೂಳಿ ಬಸ್ ಸ್ಟ್ಯಾಂಡಿಗೆ ಅರ್ಧ ಊರು ಬಂದಿತ್ತು. ಒಬ್ಬರು ರೇಡಿಯೋ ತಾ ಎಂದರು, ಒಬ್ಬರು ಗಡಿಯಾರ ತಾ ಎಂದರು. ಅಪ್ಪ ಬಸ್ಸಿನ ಕಿಟಕಿಗೆ ಕೈ ಹಚ್ಚಿ ನಿಂತಿದ್ದ. ಹಿಂದಿನ ವರ್ಷ ಇಂಡಿ ಕಡೆ ಯಾರೋ ಹೊಸದಾಗಿ ದ್ರಾಕ್ಷಿಯ ಕಡ್ಡಿ ನೆಟ್ಟಿದ್ದನ್ನು ನೋಡಿ ಬಂದಿದ್ದ. ಅಂದಿನಿಂದ ಅದೇ ಗುಂಗು.

"ತಮ್ಮಾ, ಅಲ್ಲಿ ದ್ರಾಕ್ಷಿ ಭಾಳ ಬೆಳೀತಾರಂತ. ಬರುವಾಗ ಒಂದು ಕಡ್ಡಿ ತಾ. ಬಾವಿ ಮಗ್ಗಲ್ಕ ಹಚ್ಚೂಣು," ಎಂದ.

ಹುಟ್ಟಿದಾಗಿನಿಂದ ಆತ ನನ್ನನ್ನು ಕೇಳಿದ್ದು ಅದೊಂದೇ. ಈ ಮಾತು ಓದುಗರ ನೆನಪಿನಲ್ಲಿರಲಿ.

ಮೊದಲ ದಿನ: ಹಿಂದಕ್ಕೆ ತುಳಿಯಬಾರದ ಸೈಕಲ್ಲು

ನಮ್ಮ ತರಬೇತಿ ಶಾಲೆಗೆ ಅಕ್ಟೋಬರಿನಲ್ಲಿ ನಾಲ್ಕು ದಿನ ಸೂಟಿ ಬಂತು. ಅದರ ಮುಂದಿನ ವಾರ ಸರ್ಟಿಫಿಕೇಟು ಕೊಡುವವರಿದ್ದರು. ಸರ್ಟಿಫಿಕೇಟಿನಲ್ಲಿ ನಡತೆಗೆಂದೇ ಒಂದು ಸಾಲು ಇತ್ತು. ಆ ಸಾಲು ಕೆಟ್ಟರೆ ಊರಿಗೆ ಮರಳಿ ಹೋಗುವುದಕ್ಕಿಂತ ಹೋಗದಿರುವುದೇ ಲೇಸು ಎಂದು ನಮ್ಮೊಳಗೆ ಮಾತು. ಸೂಟಿಯಲ್ಲಿ ಮೋಸೆಲ್ ನದಿಯ ಕಣಿವೆಗೆ ಹೋಗಿ ದ್ರಾಕ್ಷಿ ಬೇಸಾಯ ನೋಡಿ ನಾಲ್ಕು ಪುಟ ಬರೆದು ತಾ ಎಂದು ನನ್ನ ಮಾಸ್ತರರು ಹೇಳಿದರು. ನನಗೆ ಅಪ್ಪನ ಕಡ್ಡಿ ನೆನಪಾಯಿತು.

ಜೊತೆಗೆ ಬಂದವನು ಸಿಂದಗಿಯ ಮೌಲಾಸಾಬ. ಅದೇ ಶಾಲೆಯಲ್ಲಿ ಪಂಪು ಮತ್ತು ಡೀಜಲ್ ಎಂಜಿನ್ ಕಲಿಯುತ್ತಿದ್ದ. ಆರು ತಿಂಗಳಲ್ಲಿ ನಾನು ಜರ್ಮನ್ ವ್ಯಾಕರಣ ಕಲಿತೆ, ಅವನು ಜರ್ಮನ್ ಕಲಿತ. ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ನಿಂತರೂ ಅವನು ಮಾತಿಗಿಳಿಯುತ್ತಿದ್ದ. ತಪ್ಪಾಯಿತೇ ಸರಿಯಾಯಿತೇ ಎಂಬ ಚಿಂತೆಯೇ ಇಲ್ಲ. ನಾನು ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ಅವನು ಎದುರಿನವರ ಮಕ್ಕಳ ಹೆಸರು ಕೇಳಿ ಮುಗಿಸಿರುತ್ತಿದ್ದ.

ಹಾಸ್ಟೆಲಿನ ಸೈಕಲ್ಲು ತೆಗೆದುಕೊಂಡು ಹೊರಟೆವು. ಆ ಸೈಕಲ್ಲಿಗೆ ಬ್ರೇಕು ಪೆಡಲಿನಲ್ಲಿ. ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುತ್ತದೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಇಳಿಜಾರಿನಲ್ಲಿ ಸುಮ್ಮನೆ ಕೂತಾಗ ಕಾಲು ತಾವಾಗಿ ಹಿಂದಕ್ಕೆ ತುಳಿಯುತ್ತವೆ. ಮುದ್ದೇಬಿಹಾಳದ ಬಾಡಿಗೆ ಸೈಕಲ್ಲು ಹೊಡೆದವರಿಗೆಲ್ಲ ಗೊತ್ತು. ನದಿಗೆ ಇಳಿಯುವ ಮೊದಲ ಇಳಿಜಾರಿನಲ್ಲೇ ನಾನು ಹಾಗೆ ತುಳಿದೆ. ಸೈಕಲ್ಲು ನಿಂತಿತು, ನಾನು ನಿಲ್ಲಲಿಲ್ಲ.

ಮೊಣಕಾಲು ಕಿತ್ತಿತ್ತು. ದಾರಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಿದ್ದ ಮೂವರು ಮುದುಕರು ಎದ್ದು ಬಂದು ಸೈಕಲ್ಲನ್ನು ಎತ್ತಿ ನಿಲ್ಲಿಸಿದರು, ಹ್ಯಾಂಡಲ್ ನೆಟ್ಟಗೆ ಮಾಡಿದರು, ಚೈನು ಕೂರಿಸಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿದರು. ನಮ್ಮೂರಲ್ಲಿ ಯಾರಾದರೂ ಬಿದ್ದರೆ ಮೊದಲು ಮನುಷ್ಯನನ್ನು ಎತ್ತುತ್ತಾರೆ. ಅವರಲ್ಲೊಬ್ಬ ಸಮಾಧಾನಕ್ಕೆಂದು ಕೋಟಿನ ಒಳಜೇಬಿನಿಂದ ಸಣ್ಣ ಬಾಟಲಿ ತೆಗೆದು ಮುಂದೆ ಹಿಡಿದ. ನಾನು ಬೇಡವೆಂದೆ. ನೀರು ಕೇಳಿದೆ. ಗಾಯ ತೊಳೆಯಲು ಎಂದುಕೊಂಡು ಮೊಣಕಾಲಿನ ಮೇಲೆ ಬಾಟಲಿ ಬಗ್ಗಿಸಿದ.

ಆ ಉರಿ ಆ ದಿನವೆಲ್ಲ ಇಳಿಯಲಿಲ್ಲ. ಕಾಲಿನದೂ, ಮನಸ್ಸಿನದೂ.

ಎರಡನೆಯ ದಿನ: ನದಿ ಇದ್ದೂ ನೀರಿಲ್ಲದ ಊರುಗಳು

ಮೋಸೆಲ್ ನಮ್ಮ ಭೀಮಾ ನದಿಯಂತೆ ಬೇಸಿಗೆಯಲ್ಲಿ ಮರಳಾಗುವ ನದಿಯಲ್ಲ. ಮೇಲೆ ಹಡಗು ಹೋಗುವಷ್ಟು ನೀರು, ಹನ್ನೆರಡು ತಿಂಗಳು. ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ಬುಡದಿಂದ ನೆತ್ತಿಯವರೆಗೆ ದ್ರಾಕ್ಷಿ. ನದಿಯುದ್ದಕ್ಕೂ ಊರು, ಪ್ರತಿ ಊರಿನ ಪ್ರತಿ ಮನೆಯ ಮುಂದೆ ವೈನ್ ಮಾರುವ ಹಲಗೆ. ಹತ್ತು ಗಂಟೆಗೇ ಬಿಸಿಲು ಏರಿತ್ತು. ನಾವು ಒಂದು ಮನೆಯ ಬಾಗಿಲು ತಟ್ಟಿ ನೀರು ಕೇಳಿದೆವು. ಬಾಗಿಲು ತೆಗೆದ ಹೆಣ್ಣುಮಗಳು ನಗುನಗುತ್ತ ಕೂರಿಸಿದಳು, ಒಳಗೆ ಹೋಗಿ ಎರಡು ಗ್ಲಾಸು ತಂದಳು. ವೈನ್. ನಾವು ಕುಡಿಯುವುದಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು. ಅವಳ ಗಂಡ ಬಂದು ಅದನ್ನೇ ಇನ್ನೊಂದು ಬಾಟಲಿಯಿಂದ ತಂದ. ನಮಗೆ ಮೊದಲಿನದು ರುಚಿಸಲಿಲ್ಲ ಎಂದು ತಿಳಿದಿದ್ದ.

ಮೌಲಾಸಾಬನೂ ಕುಡಿಯುವವನಲ್ಲ, ನಾನೂ ಅಲ್ಲ. ಅವನು ಡಾಕ್ಟರ್ ಬೇಡ ಅಂದಿದ್ದಾರೆ ಎಂದು ಹೊಟ್ಟೆ ಮುಟ್ಟಿ ತೋರಿಸಿ ಪಾರಾಗುತ್ತಿದ್ದ. ನಾನು ಸುಳ್ಳು ಹೇಳುವುದಿಲ್ಲ ಎಂದು ಹಟ ಹಿಡಿದು, ಕೊರಳಿನ ಲಿಂಗ ತೋರಿಸಿ, ನಮ್ಮ ಮನೆತನದ ನಡೆ ವಿವರಿಸತೊಡಗಿದರೆ ವೈನಿನ ಗ್ಲಾಸು ಹಿಡಿದವರ ಕೈ ಸೋತರೂ ನನ್ನ ವ್ಯಾಕರಣ ಮುಗಿಯುತ್ತಿರಲಿಲ್ಲ.

ಮೂರನೆಯ ಊರಿನ ಖಾನಾವಳಿಯಲ್ಲಿ ನೀರು ಸಿಕ್ಕಿತು. ಬಾಟಲಿಯಲ್ಲಿ, ಸೋಡಾದಂತೆ ಬುರುಗು ಬರುವುದು, ವೈನಿಗಿಂತ ತುಟ್ಟಿ. ನಲ್ಲಿಯ ನೀರು ಕೊಡಿ ಎಂದರೆ ಆ ಮನುಷ್ಯ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಅದು ಪಾತ್ರೆ ತೊಳೆಯಲಿಕ್ಕೆ ಎಂದ.

ನನಗೆ ಸಿಟ್ಟು ತಡೆಯಲಿಲ್ಲ. ಒಮ್ಮೆ ಮೇ ತಿಂಗಳಲ್ಲಿ ಕೆಲಸದ ಮೇಲೆ ಹಲಸಂಗಿಯ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಹೆಣ್ಣುಮಕ್ಕಳು ಮುಂಜಾನೆ ಎದ್ದು ದೂರದ ಬಾವಿಯಿಂದ ಎರಡೇ ಕೊಡ ನೀರು ತಂದಿದ್ದರು. ಆದರೂ ನಾನು ಹೊಸ್ತಿಲು ದಾಟಿದ ಕೂಡಲೇ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಮುಂದೆ ಬಂತು. ನೀವು ಯಾರು, ಯಾಕೆ ಬಂದಿರಿ ಎಂದು ಕೇಳಿದ್ದು ಆಮೇಲೆ. ನೀರಿಲ್ಲದ ನಾಡಿನಲ್ಲಿ ಮೊದಲು ನೀರು ಕೊಡುತ್ತಾರೆ. ಇಲ್ಲಿ ಹಡಗು ತೇಲುವಷ್ಟು ನೀರಿಟ್ಟುಕೊಂಡು ಪಾತ್ರೆ ತೊಳೆಯಲಿಕ್ಕೆ ಎನ್ನುತ್ತಾರೆ. ಇವರಿಂದ ನಾವು ಶಿಸ್ತು ಕಲಿಯಬೇಕಂತೆ.

ಇದನ್ನೆಲ್ಲ ನಾನು ದಾರಿಯುದ್ದಕ್ಕೂ ಹೇಳುತ್ತ ಬಂದೆ. ಮೌಲಾಸಾಬ ಕೇಳಿ ಕೇಳಿ ಕೊನೆಗೆ, "ಮಲ್ಲಪ್ಪ, ಬೈದ್ರ ಮತ್ತಿಷ್ಟು ಬಾಯಿ ಒಣಗತೈತಿ ನೋಡು," ಎಂದ.

ಅದೇ ಮಧ್ಯಾಹ್ನ: ಹುಲ್ಲು ಕಟ್ಟಿದ ಗೂಟ

ಸೈಕಲ್ಲುಗಳನ್ನು ನದಿಯ ದಂಡೆಯ ಗೋಡೆಗೆ ಆನಿಸಿ ನಾವು ಗುಡ್ಡ ಹತ್ತಿದೆವು. ಮೇಲಿನಿಂದ ನೋಡದೆ ಪುಟ ನಾಲ್ಕಾಗುತ್ತಿರಲಿಲ್ಲ.

ಆ ಗುಡ್ಡದಲ್ಲಿ ಮಣ್ಣಿಲ್ಲ. ಕಾಲಿಟ್ಟಲ್ಲೆಲ್ಲ ಕರಿಯ ಕಲ್ಲಿನ ತೆಳ್ಳನೆಯ ಚೂರು. ಬಗ್ಗಿ ಒಂದನ್ನು ಎತ್ತಿಕೊಂಡು ನೋಡಿದರೆ ಪಾಟಿ. ನಾನು ಅಕ್ಷರ ತಿದ್ದಿದ ಪಾಟಿಯದೇ ಕಲ್ಲು. ನಮ್ಮ ಸಾಲಿಯಲ್ಲಿ ಒಂದು ಪಾಟಿಯನ್ನು ಇಬ್ಬರು ಹಂಚಿಕೊಳ್ಳುತ್ತಿದ್ದೆವು, ನಾನು ಮೇಲಿನ ಅರ್ಧ, ನನ್ನ ಜೊತೆಯವನು ಕೆಳಗಿನ ಅರ್ಧ. ಅದು ಒಡೆದ ದಿನ ಅಪ್ಪನ ಕೈಯಲ್ಲಿ ಬಿದ್ದ ಏಟು ಇನ್ನೂ ನೆನಪಿದೆ. ಇಲ್ಲಿ ಗುಡ್ಡಕ್ಕೆ ಗುಡ್ಡವೇ ಒಡೆದ ಪಾಟಿ, ಜನ ಅದರ ಮೇಲೆ ಬೂಟುಗಾಲಿನಲ್ಲಿ ಓಡಾಡುತ್ತಾರೆ. ಆ ಪಾಟಿಯ ಚೂರುಗಳ ನಡುವೆ ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಹಣ್ಣು ತೂಗುತ್ತಿದ್ದವು, ಬಂಗಾರದ ಬಣ್ಣ, ಮುಟ್ಟಿದರೆ ಬಿಸಿ.

ಹಾದಿ ತೋಟದೊಳಗೆ ತಿರುಗುವಲ್ಲಿ ಒಂದು ಉದ್ದನೆಯ ಗೂಟ ನೆಟ್ಟಿತ್ತು. ಅದರ ತುದಿಗೆ ಒಂದು ಹಿಡಿ ಹುಲ್ಲು ಕಟ್ಟಿದ್ದರು. ನಾವಿಬ್ಬರೂ ನಿಂತು ನೋಡಿ ನಕ್ಕೆವು. ಇವರ ಬೆದರುಗೊಂಬೆಗೆ ತಲೆಯಿಲ್ಲ, ಅಂಗಿಯಿಲ್ಲ. ನಮ್ಮ ಜೋಳದ ಹೊಲದಲ್ಲಾದರೆ ಒಂದು ಹರಿದ ಅಂಗಿ ತೊಡಿಸಿ, ಗಡಿಗೆಗೆ ಸುಣ್ಣದಲ್ಲಿ ಕಣ್ಣು ಬರೆದು ನಿಲ್ಲಿಸುತ್ತೇವೆ, ಹಕ್ಕಿಗಳಿಗೂ ಮರ್ಯಾದೆ, ನೋಡುವವರ ದೃಷ್ಟಿಗೂ ತಡೆ. ಇಂಥ ಒಣ ಹುಲ್ಲಿಗೆ ಯಾವ ಹಕ್ಕಿ ಹೆದರೀತು ಎಂದು ಮಾತಾಡುತ್ತ ಅದರ ಪಕ್ಕದಿಂದಲೇ ಒಳಗೆ ಹೋದೆವು.

ನಾನು ಒಂದು ಗೊಂಚಲು ಹರಿದು ತಿಂದೆ. ಮೌಲಾಸಾಬನೂ ತಿಂದ. ಆಮೇಲೆ ಇನ್ನೊಂದು. ಬಾಯಿಗೆ ಜೀವ ಬಂತು.

ಇದರಲ್ಲಿ ತಪ್ಪೇನಿದೆ ಎಂದು ನಮ್ಮ ಕಡೆಯ ಯಾರನ್ನಾದರೂ ಕೇಳಿ. ದಾರಿಹೋಕನು ಹೊಲದ ಬದುವಿನಲ್ಲಿ ನಿಂತು ಒಂದು ಸೌತೆಕಾಯಿ ತಿಂದರೆ, ಕಡಲೆ ಗಿಡ ಕಿತ್ತು ಸುಲಿದು ತಿಂದರೆ ಯಾರೂ ಏನೂ ಅನ್ನುವುದಿಲ್ಲ. ಸೀತನಿ ದಿನಗಳಲ್ಲಿ ಎಳೆಯ ಜೋಳದ ತೆನೆ ಸುಟ್ಟು, ಹಾದಿಯಲ್ಲಿ ಹೋಗುವವರನ್ನು ಕೈ ಮಾಡಿ ಕರೆದು ತಿನ್ನಿಸುತ್ತೇವೆ. ಕಟ್ಟಳೆ ಒಂದೇ: ಹೊಟ್ಟೆಗೆ ಎಷ್ಟಾದರೂ ಸರಿ, ಚೀಲಕ್ಕೆ ಒಂದೂ ಇಲ್ಲ. ಚೀಲಕ್ಕೆ ಹಾಕಿದರೆ ಅದು ಕಳವು.

ತಿಂದ ಮೇಲೆ ಬಳ್ಳಿಯ ಕಡೆ ನೋಡಿದೆ. ಬುಡದ ಕಡ್ಡಿಗಳು ಬಲಿತು ಕಂದು ಬಣ್ಣಕ್ಕೆ ತಿರುಗಿದ್ದವು. ಎಲೆ ಉದುರಿದ ಮೇಲೆ ಕತ್ತರಿಸುವುದು ಸರಿಯಾದ ಪದ್ಧತಿ, ಆದರೆ ಎಲೆ ಉದುರುವವರೆಗೆ ನಾನು ಇಲ್ಲಿರುತ್ತೇನೆಯೇ? ಕಸಿ ಕಟ್ಟುವ ಚಾಕು ಜೇಬಿನಲ್ಲಿತ್ತು. ಮೌಲಾಸಾಬ ಆ ಕಡೆ ತಿರುಗಿ ನದಿಯ ಹಡಗು ನೋಡುತ್ತಿದ್ದ. ಮೂರು ಕಡ್ಡಿ ಕೊಯ್ದು, ಕರವಸ್ತ್ರದಲ್ಲಿ ಸುತ್ತಿ ಬಗಲಚೀಲದಲ್ಲಿಟ್ಟೆ. ಅಪ್ಪನ ಬಾವಿಯ ಮಗ್ಗುಲು ಕಣ್ಣಮುಂದಿತ್ತು. ಮೇಲೆ ಬರೆದ ಕಟ್ಟಳೆ ಆಗ ನೆನಪಿಗೆ ಬರಲಿಲ್ಲ ಎಂದರೆ ನಂಬುವವರು ನಂಬಲಿ.

ಅಷ್ಟರಲ್ಲಿ ಮೇಲಿನಿಂದ ಸೀಟಿ ಕೇಳಿಸಿತು. ಹಸಿರು ಟೋಪಿಯ ಮುದುಕನೊಬ್ಬ ಹಕ್ಕಿ ಹೆದರಿಸುವ ಬಂದೂಕು ಹೆಗಲಿಗೆ ಹಾಕಿಕೊಂಡು ದಡದಡ ಇಳಿದು ಬಂದ. ಊರಿನವರು ನೇಮಿಸಿದ ತೋಟದ ಕಾವಲುಗಾರ. ಬಂದವನೇ ನಮ್ಮ ಕಾಲಬುಡದ ದೇಟುಗಳನ್ನು ನೋಡಿದ, ಹುಲ್ಲಿನ ಗೂಟದ ಕಡೆ ಕೈ ಮಾಡಿ ಕೂಗಾಡಿದ. ಆ ಹುಲ್ಲು ಹಕ್ಕಿಗಳಿಗಲ್ಲವಂತೆ, ಮನುಷ್ಯರಿಗಂತೆ. ಹಣ್ಣು ಬಲಿತ ಮೇಲೆ ಕೊಯ್ಲಿನವರೆಗೆ ತೋಟದೊಳಗೆ ಯಾರೂ ಕಾಲಿಡಬಾರದು ಎಂದು ಅದರ ಅರ್ಥ. ಅಲ್ಲಿಯ ಚಿಕ್ಕ ಕೂಸಿಗೂ ಅದು ಗೊತ್ತಂತೆ.

"ಏನಂತಾನ?" ಎಂದೆ.

"ಕಳ್ಳರು ಅನ್ನಾಕತ್ತಾನ," ಎಂದ ಮೌಲಾಸಾಬ, ಮೆಲ್ಲಗೆ.

ತೋಟದವಳ ಅಂಗಳ

ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ನನ್ನಪ್ಪ ಬೇರೆಯವರ ಕಣದಲ್ಲಿ ಇಪ್ಪತ್ತು ವರ್ಷ ರಾಶಿ ಮಾಡಿದವನು, ಸಂಜೆ ಮನೆಗೆ ಬರುವಾಗ ಧೋತರದ ಮಡಿಕೆ ಜಾಡಿಸಿ ಬರುತ್ತಿದ್ದ, ಒಂದು ಕಾಳು ಸಹ ಉಳಿಯಬಾರದೆಂದು. ಅವನ ಮಗನಿಗೆ, ಪದವೀಧರನಿಗೆ, ಎರಡು ಗೊಂಚಲು ಹಣ್ಣಿಗೆ ಕಳ್ಳ ಎಂಬ ಹೆಸರು.

ಕಾವಲುಗಾರ ನಮ್ಮನ್ನು ಮುಂದೆ ಬಿಟ್ಟುಕೊಂಡು ಕೆಳಗಿನ ಊರಿಗೆ ಕರೆತಂದ. ಮೊದಲು ತೋಟದ ಒಡತಿಯ ಮುಂದೆ ನಿಲ್ಲಿಸುವುದು, ಆಮೇಲೆ ಊರಿನ ಕಚೇರಿಯಲ್ಲಿ ಬರೆಸುವುದು, ಅಲ್ಲಿಂದ ಕಾಗದ ನಮ್ಮ ಶಾಲೆಗೆ. ನೋಟ್ ಬುಕ್ಕು ತೆಗೆದು ನಮ್ಮ ಹೆಸರು, ಶಾಲೆಯ ಹೆಸರು ಆಗಲೇ ಬರೆದುಕೊಂಡಿದ್ದ. ನಡತೆಯ ಸಾಲು ನನ್ನ ಕಣ್ಣಿಗೆ ಕಟ್ಟಿತು.

ಒಡತಿ ಎಲ್ಸಾ ಎಂಬ ಎಪ್ಪತ್ತರ ಮುದುಕಿ. ಗಂಡನಿಲ್ಲ. ಅಂಗಳದಲ್ಲಿ ಕೂತು ಮರುದಿನದ ಕೊಯ್ಲಿಗೆ ಬುಟ್ಟಿ ತೊಳೆಯುತ್ತಿದ್ದಳು. ಕಾವಲುಗಾರ ಹೇಳುವುದನ್ನೆಲ್ಲ ಕೇಳಿ ಕೈ ಒರೆಸಿಕೊಂಡು ನಮ್ಮ ಕಡೆ ತಿರುಗಿದಳು. ನಾನು ನನ್ನ ವ್ಯಾಕರಣವನ್ನೆಲ್ಲ ಒಟ್ಟುಗೂಡಿಸಿ ಮಾತು ಶುರು ಮಾಡಿದೆ: ನಿಮ್ಮ ಊರಿನಲ್ಲಿ ಮುಂಜಾನೆಯಿಂದ ಯಾರೂ ನೀರು ಕೊಡಲಿಲ್ಲ. ನಮ್ಮ ನಾಡಿನಲ್ಲಿ ನೀರಡಿಸಿದವನು ಹೊಲದಲ್ಲಿ ತಿಂದರೆ ಅದು ಕಳವಲ್ಲ. ಚೀಲಕ್ಕೆ ಹಾಕಿದರೆ ಮಾತ್ರ ಕಳವು. ನಾವು ಕಳ್ಳರಲ್ಲ, ಬೇಕಾದರೆ ಚೀಲ ನೋಡಿ.

ಹೇಳುತ್ತ ಹೇಳುತ್ತ ಆವೇಶ ಬಂತು. ಬಗಲಚೀಲವನ್ನು ತಲೆಕೆಳಗು ಮಾಡಿ ಅವಳ ಕಾಲಿನ ಮುಂದೆ ಜಾಡಿಸಿದೆ. ನೋಟ್ ಬುಕ್ಕು ಬಿತ್ತು. ಸಾಬೂನು, ಪಂಚೆ, ಅರ್ಧ ಬ್ರೆಡ್ಡು. ಕೊನೆಗೆ ಕರವಸ್ತ್ರ ಬಿಚ್ಚಿಕೊಂಡು ಮೂರು ಕಡ್ಡಿಗಳು ಕಲ್ಲಿನ ಮೇಲೆ ಉರುಳಿದವು.

ಮೌಲಾಸಾಬ ನನ್ನ ಕಡೆ ನೋಡಿದ. ನಾನು ಕೊಯ್ದದ್ದು ಅವನಿಗೂ ಗೊತ್ತಿರಲಿಲ್ಲ.

ಮುದುಕಿ ಬಗ್ಗಿ ಕಡ್ಡಿಗಳನ್ನು ಎತ್ತಿಕೊಂಡಳು. ಏನೋ ಹೇಳಿದಳು. ನನಗೆ ಪೂರ್ತಿ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಡವಾಗಿತ್ತು. ಮೌಲಾಸಾಬ ಹೇಳಿದ:

"ದ್ರಾಕ್ಷಿ ತಿಂದಿ, ನೀರಡಿಕಿ ಆಗಿತ್ತು, ಒಪ್ಪಿದೆ ಅಂತಾಳ. ಕಡ್ಡಿ ಯಾವ ನೀರಡಿಕಿಗೆ ಅಂತ ಕೇಳಾಕತ್ತಾಳ."

ಅಪ್ಪ, ಬಾವಿ, ಅಪ್ಪ ಕೇಳಿದ್ದ ಎಂದು ಮೂರು ಮಾತು ಹೇಳಿದೆ. ಅವಳು ಕಡ್ಡಿಯ ಕೊಯ್ದ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಗಣ್ಣಿನ ಕೆಳಗೆ, ಓರೆಯಾಗಿ, ಒಂದೇ ಏಟಿಗೆ ಕೊಯ್ದಿದ್ದೆ. ಬೆರಳಿನಿಂದ ಸವರಿ ಕಾವಲುಗಾರನಿಗೂ ತೋರಿಸಿದಳು. ಆರು ತಿಂಗಳಲ್ಲಿ ನನ್ನ ವಿದ್ಯೆಯನ್ನು ಯಾರಾದರೂ ಕಣ್ಣಿಟ್ಟು ನೋಡಿದ್ದರೆ ಆಗಲೇ. ಅಂಥ ಗಳಿಗೆಯಲ್ಲಿ.

ಆಮೇಲೆ ಅವಳು ಕಾವಲುಗಾರನಿಗೆ ಹೇಳಿದ ಮಾತು ನನಗೇ ತಿಳಿಯಿತು. ಇವರು ನಾಳೆಯ ಕೊಯ್ಲಿಗೆ ನಾನು ಗೊತ್ತು ಮಾಡಿದ ಕೆಲಸದವರು. ಕೆಲಸದವರು ಹಣ್ಣು ತಿನ್ನಬಹುದು. ಬರೆದದ್ದನ್ನು ಹರಿದು ಹಾಕು.

ಕಾವಲುಗಾರ ನಂಬಲಿಲ್ಲ. ಹೌದೇ ಎಂದು ನನ್ನನ್ನೇ ಕೇಳಿದ. ಹೌದೆಂದರೆ ಕೂಲಿಯವನು, ಅಲ್ಲವೆಂದರೆ ಕಳ್ಳ. ಅಪ್ಪ ನನ್ನನ್ನು ಓದಿಸಿದ್ದು ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಬಾರದೆಂದು, ಅದೊಂದೇ ಕಾರಣಕ್ಕೆ.

"ಹೌದು ಅನ್ನಲೇ," ಎಂದ ಮೌಲಾಸಾಬ. "ಬುಟ್ಟಿ ಹೊತ್ತದ್ದನ್ನ ಸರ್ಟಿಫಿಕೇಟಿನ್ಯಾಗ ಬರಿಯಂಗಿಲ್ಲ."

ಹೌದು ಎಂದೆ.

ಮೂರನೆಯ ದಿನ: ಬೆನ್ನ ಮೇಲಿನ ಬುಟ್ಟಿ

ನಮ್ಮಲ್ಲಿ ಭಾರವನ್ನು ತಲೆಯ ಮೇಲೆ ಹೊರುತ್ತೇವೆ. ಅಲ್ಲಿ ಬೆನ್ನಿನ ಮೇಲೆ. ಮನುಷ್ಯನ ಅರ್ಧದಷ್ಟು ಎತ್ತರದ ತೊಟ್ಟಿಯಂಥ ಒಂದು ಬುಟ್ಟಿಯನ್ನು ಎರಡು ಪಟ್ಟಿಗಳಿಂದ ಹೆಗಲಿಗೆ ಬಿಗಿಯುತ್ತಾರೆ. ಕೊಯ್ಯುವವರು ತಮ್ಮ ಕೈಬುಟ್ಟಿಯ ಹಣ್ಣನ್ನು ಅದರಲ್ಲಿ ಸುರಿಯುತ್ತಾರೆ. ತುಂಬಿದ ಮೇಲೆ ಆ ಪಾಟಿಯ ಚೂರುಗಳ ಮೇಲೆ ಕಾಲೂರಿಕೊಂಡು ಗುಡ್ಡ ಇಳಿಯಬೇಕು. ಕೆಳಗೆ ಗಾಡಿಯ ಪಕ್ಕ ನಿಂತು ಸೊಂಟದಿಂದ ಬಾಗಿದರೆ, ಹಣ್ಣೆಲ್ಲ ಹೆಗಲ ಮೇಲಿಂದ ತೊಟ್ಟಿಗೆ ಜಾರುತ್ತವೆ. ಸ್ವಲ್ಪ ಹೆಚ್ಚು ಬಾಗಿದರೆ ನೀವೂ ಜಾರುತ್ತೀರಿ. ಮೊದಲ ಸಲ ನಾನು ಅರ್ಧ ಜಾರಿದೆ. ಕಿವಿಯಲ್ಲಿ, ಅಂಗಿಯಲ್ಲಿ ರಸ. ಮಧ್ಯಾಹ್ನದವರೆಗೆ ಕಣಜದ ಹುಳಗಳು ನನ್ನ ಕೊರಳು ಬಿಡಲಿಲ್ಲ.

ಮೊದಲ ಹತ್ತು ಸಲ ಇಳಿಯುವಾಗ ನನ್ನ ಮನಸ್ಸಿನಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರಸಾದ ನಿಲಯದ ಚಿಮಣಿ ದೀಪ, ಮೂರು ಸಲ ಬರೆದ ರಸಾಯನಶಾಸ್ತ್ರ, ಕಡೆಗೆ ಇದಕ್ಕೆ. ಹನ್ನೊಂದನೆಯ ಸಲ ಗಾಡಿಯ ಹತ್ತಿರ ನನ್ನ ಮುಂದಿದ್ದವನು ಕಾಲು ಜಾರಿ ಬಿದ್ದ. ನಾನು ಮೊದಲು ಮನುಷ್ಯನನ್ನು ಎತ್ತಿದೆ, ನಮ್ಮ ಪದ್ಧತಿಯಂತೆ. ಮಾತಾಡಿದರೆ ಆತ ಪಟ್ಟಣದ ವಕೀಲ. ಮುದುಕಿಯ ತಂಗಿಯ ಮಗ. ಪ್ರತಿ ವರ್ಷ ಕೊಯ್ಲಿಗೆ ಕಚೇರಿ ಮುಚ್ಚಿ ಬರುತ್ತಾನಂತೆ. ಬುಟ್ಟಿ ಹೊತ್ತದ್ದಕ್ಕೆ ಅವನಿಗೆ ಸಿಟ್ಟಿರಲಿಲ್ಲ, ಬಿದ್ದದ್ದಕ್ಕೆ ಇತ್ತು. ನಮ್ಮ ತಾಲೂಕಿನಲ್ಲಿ ಒಬ್ಬ ವಕೀಲ ರಾಶಿಯ ದಿನ ಕಣದಲ್ಲಿ ನಿಂತರೆ ಛತ್ರಿ ಹಿಡಿಯಲು ಒಬ್ಬ ಬೇಕು. ಅಲ್ಲಿಯವರೆಗೆ ಅದು ನನಗೆ ತಪ್ಪೆಂದು ಅನಿಸಿರಲಿಲ್ಲ. ಆ ಮನುಷ್ಯ ನನ್ನ ಸಿಟ್ಟಿನ ಅರ್ಧ ಭಾಗವನ್ನು ಕಸಿದುಕೊಂಡ.

ಮಧ್ಯಾಹ್ನ ಗುಡ್ಡದ ಮೇಲೆಯೇ ಊಟ. ಸೂಪು, ಬ್ರೆಡ್ಡು. ಮಾಂಸವಿಲ್ಲದ್ದನ್ನು ನಮಗೆ ಬೇರೆ ಇಟ್ಟಿದ್ದಳು. ಎಲ್ಲರಿಗೂ ವೈನ್ ಹಂಚಿದರು. ನಮ್ಮಿಬ್ಬರ ಮುಂದೆ ಮುದುಕಿ ಒಂದು ದೊಡ್ಡ ಹೂಜಿ ತಂದಿಟ್ಟಳು. ನೀರು, ಬುರುಗಿಲ್ಲದ್ದು. ನಾವು ಎತ್ತಿ ಗಟಗಟ ಕುಡಿಯುವುದನ್ನು ಹದಿನೈದು ಜನ ಊಟ ಬಿಟ್ಟು ದೊಂಬರಾಟ ನೋಡುವಂತೆ ನೋಡಿದರು. ನೋಡಲಿ ಎಂದು ಇನ್ನೊಂದು ಸಲ ಕುಡಿದೆ.

ಸಂಜೆಯವರೆಗೆ ನಾನು ನಲವತ್ತೆರಡು ಬುಟ್ಟಿ ಇಳಿಸಿದೆ. ವಕೀಲ ಮೂವತ್ತೊಂದು.

ಕೆಲಸ ಮುಗಿದ ಮೇಲೆ ಮುದುಕಿ ನಮ್ಮಿಬ್ಬರನ್ನು ಅಡಿಗೆಮನೆಗೆ ಕರೆದಳು. ಒಲೆ ಉರಿಯುತ್ತಿತ್ತು. ಮೂರೂ ಕಡ್ಡಿಗಳು ಮೇಜಿನ ಮೇಲಿದ್ದವು, ಅದೇ ನನ್ನ ಕರವಸ್ತ್ರದಲ್ಲಿ. ಕೊಡುತ್ತಾಳೆ ಎಂದು ಕೈ ಚಾಚಿದೆ. ಅವಳು ಕಡ್ಡಿಗಳನ್ನು ನನ್ನ ಕೈಗಿಟ್ಟು ಒಲೆಯ ಬಾಯಿ ತೆರೆದಳು. ನೀನೇ ಹಾಕು ಎಂದಳು.

ಅವಳ ಮಾತನ್ನು ಮೌಲಾಸಾಬ ಸಾವಕಾಶವಾಗಿ ಹೇಳುತ್ತ ಹೋದ. ಅವಳ ತಂದೆಯ ಕಾಲದಲ್ಲಿ ಯಾರೋ ದೂರದಿಂದ ಕಡ್ಡಿ ತಂದು ನೆಟ್ಟರಂತೆ. ಅದರ ಜೊತೆ ಬೇರು ತಿನ್ನುವ ಹೇನಿನಂಥ ಹುಳ ಬಂತು. ಸರಕಾರದವರು ಬಂದು ಸುತ್ತಲಿನ ಬಳ್ಳಿಗಳನ್ನೆಲ್ಲ ಕಿತ್ತು ಸುಟ್ಟರು, ಅವಳ ತಂದೆಯ ತೋಟವನ್ನೂ. ತಂದೆ ಆ ಬೆಂಕಿಯ ಮುಂದೆ ಕೂತವನು ಮರುದಿನದವರೆಗೆ ಏಳಲಿಲ್ಲವಂತೆ.

"ಈ ಕಡ್ಡ್ಯಾಗ ಏನೈತಿ ಏನಿಲ್ಲ ಯಾರಿಗೂ ಕಾಣಂಗಿಲ್ಲ, ನಿಮ್ಮಪ್ಪನ ಹೊಲಕ್ಕ ಇದನ್ನ ಒಯ್ಯಬ್ಯಾಡ ಅಂತಾಳ," ಎಂದ ಮೌಲಾಸಾಬ. ಆಮೇಲೆ ತಡೆದು, "ಕೇಳಿದ್ದರೂ ಕೊಡತಿದ್ದಿಲ್ಲಂತ. ಆದ್ರ ಕೇಳಿದ್ದರ ಕುಂದ್ರಿಸಿ ನೀರ ಕೊಡತಿದ್ದಳಂತ."

ನಾನು ತಲೆ ತಗ್ಗಿಸಿದೆ. ಅವಳ ಮಾತಿಗಲ್ಲ. ಆ ಹುಳದ ಹೆಸರು ನನಗೆ ಗೊತ್ತಿತ್ತು. ಲ್ಯಾಟಿನ್ ಹೆಸರು ಸಹ. ಅದು ಹೇಗೆ ಹರಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಪರೀಕ್ಷೆ ಮಾಡಿಸದ ಕಡ್ಡಿಯನ್ನು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಒಯ್ಯಬಾರದು ಎಂಬುದು ಆ ಉತ್ತರದ ಕೊನೆಯ ಸಾಲು. ಅದನ್ನು ಬರೆದೇ ನಾನು ಪದವೀಧರನಾದದ್ದು. ಮೂರು ದಿನ ಇಡೀ ಕಣಿವೆಯನ್ನು ಬೈದವನಿಗೆ ಬೈಯಲು ಇನ್ನೊಬ್ಬ ಮನುಷ್ಯ ಉಳಿದಿದ್ದ, ಅವನು ನಾನೇ.

ಮೂರೂ ಕಡ್ಡಿಗಳನ್ನು ಒಲೆಗೆ ಹಾಕಿದೆ. ಹಸಿಯಿದ್ದವು, ಹೊತ್ತಲು ತಡ ಮಾಡಿದವು.

ಮರಳಿ ಮನಗೂಳಿ

ಸರ್ಟಿಫಿಕೇಟು ಬಂತು. ನಡತೆ: ಉತ್ತಮ. ಮೌಲಾಸಾಬನದೂ ಉತ್ತಮ. ವಿಜಾಪುರದಲ್ಲಿ ಅವನು ಸಿಂದಗಿಯ ಬಸ್ಸು ಹತ್ತಿದ, ನಾನು ಮನಗೂಳಿಯದು.

ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಟ್ರಂಕನ್ನು ನನ್ನ ಕೈಯಿಂದ ಕಸಿದುಕೊಂಡು ತಲೆಯ ಮೇಲಿಟ್ಟುಕೊಂಡ, ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಜ್ವಾಳ ಹೆಂಗದಾವ ನೋಡು ಎಂದನೇ ಹೊರತು ಏನೂ ಕೇಳಲಿಲ್ಲ. ಮನೆಯಲ್ಲಿ ಅವ್ವ ತಂಬಿಗೆ ನೀರು, ಬೆಲ್ಲ ತಂದಿಟ್ಟಳು. ನಾನು ಕುಡಿದು ಮುಗಿಸುವವರೆಗೆ ಅಪ್ಪ ಕಾಯ್ದ.

"ಕಡ್ಡಿ?" ಎಂದ.

ನಾನು ಎಲ್ಲ ಹೇಳಿದೆ. ಹುಲ್ಲಿನ ಗೂಟ, ತಲೆಕೆಳಗಾದ ಚೀಲ, ಒಲೆ. ಏನೂ ಮುಚ್ಚಿಡಲಿಲ್ಲ. ಅಪ್ಪ ತೊಡೆಯ ಮೇಲೆ ಕೈ ಊರಿ ಕೇಳಿದ. ನೀರು ಕೊಡದವರ ವಿಷಯ ಬಂದಾಗ ಹೂಂ ಎಂದ. ಕಳ್ಳ ಎಂಬ ಮಾತು ಬಂದಾಗ ಧೋತರದ ಮಡಿಕೆ ಜಾಡಿಸಿದ. ಎಲ್ಲ ಮುಗಿದ ಮೇಲೆ, "ಆಕಿನ್ನ ಕೇಳಬೇಕಾಗಿತ್ತಲ್ಲೋ ತಮ್ಮಾ," ಎಂದ. ಅಷ್ಟೇ. ಅವ್ವ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಅಪ್ಪ ಮತ್ತೆ ಕೇಳಿದ: "ಎಷ್ಟು ಬುಟ್ಟಿ ಹೊತ್ತಿ ಅಂದಿ?"

"ನಲವತ್ತೆರಡು."

"ವಕೀಲ?"

"ಮೂವತ್ತೊಂದು."

ಮರುದಿನದಿಂದ ಆತ ಊರೆಲ್ಲ ಹೇಳಿದ್ದು ಅದೇ. ಜರ್ಮನಿಯ ವಕೀಲನಿಗಿಂತ ನನ್ನ ಮಗ ಹನ್ನೊಂದು ಬುಟ್ಟಿ ಹೆಚ್ಚು ಹೊತ್ತ, ಇಷ್ಟು ಸಾಲಿ ಕಲಿತರೂ ಬೆನ್ನು ಕೆಟ್ಟಿಲ್ಲ. ಸಂತೆಗೆ ಹೋದರೂ ಅದೇ, ಚಾವಡಿಯಲ್ಲಿ ಕೂತರೂ ಅದೇ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ನನ್ನ ಸರ್ಟಿಫಿಕೇಟನ್ನು ಇವತ್ತಿನವರೆಗೆ ಒಬ್ಬರೂ ಓದಿ ಹೇಳು ಎಂದಿಲ್ಲ. ಇದಕ್ಕೆ ನನಗೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ.

ಮಳೆಗಾಲದಲ್ಲಿ ಅಪ್ಪ ಇಂಡಿಗೆ ಹೋಗಿ ಒಂದು ನಿಂಬೆ ಸಸಿ ತಂದ. ಬಾವಿಯ ಮಗ್ಗುಲಲ್ಲಿ, ದ್ರಾಕ್ಷಿಗೆಂದು ತೋಡಿಟ್ಟಿದ್ದ ಕುಣಿಯಲ್ಲೇ ಅದನ್ನು ನೆಟ್ಟ. ನಾನು ನೀರು ಹನಿಸುತ್ತಿದ್ದೆ. ಮಣ್ಣು ತುಳಿದು ಗಟ್ಟಿ ಮಾಡುತ್ತ, ಕೇಳಿ ತಂದದ್ದು ಎಂದ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಿವಿಗೆ ಸರಿಯಾಗಿ ಬೀಳಲೆಂದು, ಮತ್ತೊಮ್ಮೆ ಹೇಳಿದ.